ಬ್ರಿಟನ್ ನಾಣ್ಯ ಸಂಗ್ರಹ: ಪೆನ್ನಿ, ಹಾಫ್‌ಕ್ರೌನ್, ಸಾವರಿನ್ ಗುರುತಿಸೋದು ಹೇಗೆ, ಇಡೋದು ಹೇಗೆ?

ಹೊಸಕಾಸು

ಎಲ್ಲರಿಗೂ ನಮಸ್ಕಾರ. ಒಂದು ಡಬ್ಬಿ ಹಳೇ ನಾಣ್ಯ ಇದೆ, ಇಂಗ್ಲೆಂಡಿನವೂ ಇಲ್ಲಿಯವೂ ಬೆರೆತುಹೋಗಿವೆ. ಇದರಿಂದಲೇ ಬ್ರಿಟನ್ ನಾಣ್ಯಗಳ ಸಂಗ್ರಹ ಶುರು ಮಾಡೋ ಆಸೆ. ಕೇಳಬೇಕಾದ್ದು ಇಷ್ಟು: ಯಾವುದು ಬೆಳ್ಳಿ ಅಂತ ಮನೆಯಲ್ಲೇ ತಿಳಿಯೋದು ಹೇಗೆ? ಕಪ್ಪಗಾಗಿರೋ ದೊಡ್ಡ ಪೆನ್ನಿಗಳನ್ನ ಹುಣಸೆಹಣ್ಣು ಹಾಕಿ ತೊಳೆಯಬಹುದಾ? ಈಟಿ ಹಿಡಿದು ನಿಂತ ಹೆಂಗಸಿನ ಚಿತ್ರದ, 1901 ಅಂತಿರೋ ದೊಡ್ಡ 'ಒನ್ ಡಾಲರ್' ಒಂದಿದೆ, ಅದು ಬ್ರಿಟನ್ನಿನದೇನಾ? ಮತ್ತೆ, ಎಲ್ಲವನ್ನೂ ಕೊಳ್ಳೋಕೆ ಆಗಲ್ಲ, ಹಾಗಾಗಿ ಯಾವ ಭಾಗ ಹಿಡಿದರೆ ಒಳ್ಳೇದು?

ತಕ್ಕಡಿ

ತೊಳೆಯೋ ಕೆಲಸ ಸದ್ಯಕ್ಕೆ ನಿಲ್ಲಿಸಿ. ಮೊದಲು ಡಬ್ಬಿಯನ್ನ ಎರಡು ಪಾಲು ಮಾಡಿ. ರೂಪಾಯಿ, ಆಣೆ, ಪೈ ಅಂತ ಬರೆದಿರೋದೆಲ್ಲ ಬ್ರಿಟಿಷ್ ಇಂಡಿಯಾ. ತಲೆ ಅದೇ ರಾಜನದ್ದಾದರೂ ಅದು ಬೇರೆಯೇ ಸಂಗ್ರಹ, ಬೇರೆ ಕ್ಯಾಟಲಾಗ್, ಬೇರೆ ದರ. ನಮ್ಮ ಊರುಗಳಲ್ಲಿ 'ಬ್ರಿಟಿಷ್ ಕಾಯಿನ್' ಅಂತ ಮಾರೋದರಲ್ಲಿ ಬಹುಪಾಲು ಇದೇ. ಪೆನ್ನಿ, ಶಿಲ್ಲಿಂಗ್, ಫ್ಲಾರಿನ್, ಕ್ರೌನ್ ಅಂತ ಇರೋದು ಬ್ರಿಟನ್ನಿನವು.

ಹಳೇ ಲೆಕ್ಕ ಗೊತ್ತಿರಲಿ: 12 ಪೆನ್ಸ್‌ಗೆ ಒಂದು ಶಿಲ್ಲಿಂಗ್, 20 ಶಿಲ್ಲಿಂಗ್‌ಗೆ ಒಂದು ಪೌಂಡ್, ಅಂದ್ರೆ ಪೌಂಡಿಗೆ 240 ಪೆನ್ಸ್. 1971ರ ಫೆಬ್ರವರಿ 15ರಿಂದ ಪೌಂಡಿಗೆ 100 ಪೆನ್ಸ್ ಆಯ್ತು. ಫ್ಲಾರಿನ್ ಅಂದ್ರೆ 2 ಶಿಲ್ಲಿಂಗ್, ಹಾಫ್‌ಕ್ರೌನ್ ಎರಡೂವರೆ, ಕ್ರೌನ್ 5.

ಬೇಕಾದ ಸಾಮಾನು ನಾಲ್ಕೇ: 0.01 ಗ್ರಾಂ ತೋರಿಸೋ ಸಣ್ಣ ಡಿಜಿಟಲ್ ತಕ್ಕಡಿ, ಪ್ಲಾಸ್ಟಿಕ್ ಕ್ಯಾಲಿಪರ್ (ಉಕ್ಕಿನದ್ದು ಅಂಚನ್ನ ಗೀರುತ್ತೆ), 10 ಪಟ್ಟು ದೊಡ್ಡದಾಗಿ ತೋರಿಸೋ ಲೂಪ್, ಒಂದು ಬಲವಾದ ಅಯಸ್ಕಾಂತ.

ತೂಕ ನೆನಪಿಟ್ಟುಕೊಳ್ಳೋದು ಸುಲಭ, ಯಾಕಂದ್ರೆ 1816ರ ನಂತರದ ಬೆಳ್ಳಿ ನಾಣ್ಯಗಳು ಬೆಲೆಗೆ ತಕ್ಕ ತೂಕದವು. ಶಿಲ್ಲಿಂಗ್ 5.66 ಗ್ರಾಂ. ಆರು ಪೆನ್ಸ್ ಅದರರ್ಧ, 2.83. ಫ್ಲಾರಿನ್ 11.31, ಹಾಫ್‌ಕ್ರೌನ್ 14.14, ಕ್ರೌನ್ 28.28. ಕಂಚಿನಲ್ಲಿ ಪೆನ್ನಿ 9.45 ಗ್ರಾಂ, 30.8 ಮಿ.ಮೀ.; ಅರ್ಧ ಪೆನ್ನಿ 5.67 ಗ್ರಾಂ, ಅಡ್ಡಳತೆ ಸರಿಯಾಗಿ ಒಂದು ಇಂಚು, ಫಾರ್ದಿಂಗ್ (ಕಾಲು ಪೆನ್ನಿ) 2.83 ಗ್ರಾಂ. ಸವೆದ ನಾಣ್ಯ ಸ್ವಲ್ಪ ಹಗುರ ಇರುತ್ತೆ, ಅದು ಸಹಜ. ಸವೆದೇ ಇಲ್ಲ, ಆದರೂ ನೂರಕ್ಕೆ ಮೂರು ಪಾಲಿಗಿಂತ ಹೆಚ್ಚು ಹಗುರ ಅಂದ್ರೆ ಅನುಮಾನ ಪಡಿ.

ತಕ್ಕಡಿ

ಬೆಳ್ಳಿ ವಿಷಯ ಬೇರೆಯಾಗಿ ಬರೀತೀನಿ. ಇಸವಿ ನೋಡಿದರೆ ಸಾಕು. 1919ರವರೆಗೆ ಸ್ಟರ್ಲಿಂಗ್, ಅಂದ್ರೆ 92.5% ಬೆಳ್ಳಿ. 1920ರಿಂದ 1946ರವರೆಗೆ 50%. 1947ರಿಂದ ಬೆಳ್ಳಿ ಇಲ್ಲವೇ ಇಲ್ಲ, ತಾಮ್ರ-ನಿಕಲ್. ಆದರೆ ಮೂರು ಕಾಲದಲ್ಲೂ ತೂಕ, ಅಳತೆ ಒಂದೇ ಇಟ್ಟರು. ಅದಕ್ಕೇ ಬರೀ ತೂಗಿ ಬೆಳ್ಳಿ ಹೌದೋ ಅಲ್ಲವೋ ಹೇಳೋಕಾಗಲ್ಲ.

ಇಸವಿ ಅಳಿಸಿಹೋಗಿದ್ರೆ ನೀರಿನ ಪರೀಕ್ಷೆ ಮಾಡಿ. ಪ್ಲಾಸ್ಟಿಕ್ ಲೋಟಕ್ಕೆ ಅರ್ಧ ನೀರು ಹಾಕಿ ತಕ್ಕಡಿ ಮೇಲಿಟ್ಟು ಸೊನ್ನೆಗೆ ತನ್ನಿ. ನಾಣ್ಯಕ್ಕೆ ತೆಳು ನೈಲಾನ್ ದಾರ ಕಟ್ಟಿ ಪೂರ್ತಿ ಮುಳುಗೋ ಹಾಗೆ ಇಳಿಬಿಡಿ. ತಳಕ್ಕೂ ಗೋಡೆಗೂ ತಾಗಬಾರದು, ಮೈಮೇಲೆ ಗಾಳಿಗುಳ್ಳೆ ಅಂಟಿರಬಾರದು. ಇದ್ದರೆ ದಾರ ಅಲ್ಲಾಡಿಸಿ ಉದುರಿಸಿ. ಈಗ ತಕ್ಕಡಿ ಏನು ತೋರಿಸುತ್ತೋ ಅದರಿಂದ ನಾಣ್ಯದ ಒಣ ತೂಕವನ್ನ ಭಾಗಿಸಿ. ಹಾಫ್‌ಕ್ರೌನ್ ಮುಳುಗಿಸಿದಾಗ 1.36 ಬಂತು ಅನ್ನಿ: 14.14 ಭಾಗಿಸು 1.36, ಸುಮಾರು 10.4, ಸ್ಟರ್ಲಿಂಗ್. 1.47 ಬಂದ್ರೆ 9.6ರ ಆಸುಪಾಸು, ಅದು 50% ಬೆಳ್ಳಿ. 1.59 ಬಂದ್ರೆ 8.9, ತಾಮ್ರ-ನಿಕಲ್.

ಸಣ್ಣ ನಾಣ್ಯಕ್ಕೆ ಈ ಉಪಾಯ ನಡೆಯಲ್ಲ. ಬೆಳ್ಳಿಯ ಮೂರು ಪೆನ್ಸ್ ಬರೀ 1.41 ಗ್ರಾಂ, ನೀರಲ್ಲಿ 0.14 ತೋರಿಸುತ್ತೆ. ತಕ್ಕಡಿ 0.01 ಆಚೀಚೆ ಆದರೂ ಉತ್ತರ ಎಲ್ಲಿಂದೆಲ್ಲಿಗೋ ಹೋಗುತ್ತೆ. ಒಂದೇ ಥರದವು ಹತ್ತಿದ್ದರೆ ಒಟ್ಟಿಗೆ ಮುಳುಗಿಸಿ.

ಕಂಚುಪ್ರಿಯ

ಹುಣಸೆಹಣ್ಣಿನ ಪ್ರಶ್ನೆಗೆ ನನ್ನ ಉತ್ತರ: ಬೇಡ. ನಿಂಬೆರಸ, ಪೀತಾಂಬರಿ, ಹಲ್ಲುಪುಡಿ, ಇವೂ ಬೇಡ. ಹುಳಿಯು ಕಂಚಿನ ಮೇಲ್ಪದರವನ್ನು ತಿಂದು ನಾಣ್ಯವನ್ನು ಬೋಳು ಗುಲಾಬಿ ಬಣ್ಣಕ್ಕೆ ತರುತ್ತದೆ. ಆ ಬಣ್ಣ ಹೊಸ ನಾಣ್ಯದ ಬಣ್ಣವಲ್ಲ. ಬಲ್ಲವರಿಗೆ ದೂರದಿಂದಲೇ ಗೊತ್ತಾಗುತ್ತದೆ, ಬೆಲೆ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಪುಡಿ ಹಾಕಿ ಉಜ್ಜಿದರೆ ಲೂಪಿನಡಿ ಒಂದೇ ದಿಕ್ಕಿನ ಕೂದಲೆಳೆಯ ಗೀರುಗಳು ಕಾಣುತ್ತವೆ, ಅವು ಎಂದಿಗೂ ಹೋಗುವುದಿಲ್ಲ.

ಅದಕ್ಕಿಂತ ಮುಖ್ಯವಾದದ್ದು ಇದು. ನಿಮ್ಮ ಕಪ್ಪು ಪೆನ್ನಿಗಳ ಇಸವಿ ನೋಡಿ. 1934 ಅಥವಾ 1944, 45, 46 ಆಗಿದ್ದರೆ ಅವು ಕೊಳೆಯಾಗಿಲ್ಲ! ಬ್ರಿಟನ್ನಿನ ಸರ್ಕಾರಿ ಟಂಕಸಾಲೆಯಾದ ರಾಯಲ್ ಮಿಂಟ್‌ನಲ್ಲಿಯೇ ಥಯೋಸಲ್ಫೇಟ್ ದ್ರಾವಣದಿಂದ ಕಪ್ಪು ಮಾಡಿ ಹೊರಗೆ ಬಿಟ್ಟವು. ಅವುಗಳಲ್ಲಿ ಸಮನಾದ ಕಡುಬಣ್ಣವೇ ಮೂಲ ಸ್ಥಿತಿ. ಹೊಳೆಯುವ 1934ರ ಪೆನ್ನಿ ಕಂಡರೆ ಯಾರೋ ತೊಳೆದಿದ್ದಾರೆಂದೇ ಮೊದಲು ಅನುಮಾನಿಸಬೇಕು.

ಯಾವ ಭಾಗ ಹಿಡಿಯಬೇಕು ಎಂದಿರಿ. ನನ್ನ ಮಟ್ಟಿಗೆ 1902ರಿಂದ 1967ರವರೆಗಿನ ಪೆನ್ನಿಗಳಷ್ಟು ಒಳ್ಳೆಯ ಪಾಠಶಾಲೆ ಬೇರೆ ಇಲ್ಲ. ಅಗ್ಗ, ದೊಡ್ಡ, ಓದಲು ಸುಲಭ. ಎಲ್ಲ ಇಸವಿಯೂ ಸಿಗುವುದಿಲ್ಲ ಎಂಬುದನ್ನು ಮೊದಲೇ ತಿಳಿದಿರಿ: 1923, 24, 25ರಲ್ಲಿ ಪೆನ್ನಿ ಟಂಕಿಸಲೇ ಇಲ್ಲ. 1941ರಿಂದ 43ರವರೆಗೂ ಇಲ್ಲ. 1933ರದ್ದು ಬೆರಳೆಣಿಕೆಯಷ್ಟೇ ಇವೆ, ನಿಮಗೆ ಯಾರಾದರೂ ಮಾರಲು ಬಂದರೆ ಅದು ಇಸವಿ ತಿದ್ದಿದ ನಾಣ್ಯ. 1953ರ ಪೆನ್ನಿ ಸಂಗ್ರಾಹಕರಿಗೆಂದು ಮಾರಿದ ಸೆಟ್‌ಗಳಲ್ಲಿ ಮಾತ್ರ ಬಂತು. ಆಮೇಲೆ ಚಲಾವಣೆಗೆ ಮತ್ತೆ ಬಂದದ್ದು 1961ರಲ್ಲಿ. 1950ರಲ್ಲಿ 2,40,000 ಮತ್ತು 1951ರಲ್ಲಿ 1,20,000 ಮಾತ್ರ ಟಂಕಿಸಿದರು, ಹೆಚ್ಚಿನವು ಬರ್ಮುಡಾಕ್ಕೆ ಹೋದವು. ಆದರೂ ಇವು ಸಿಗುತ್ತವೆ. ಹೆಚ್ಚು ಕೈಬದಲಾಗದ ಕಾರಣ ಒಳ್ಳೆಯ ಸ್ಥಿತಿಯಲ್ಲೇ ಸಿಗುತ್ತವೆ.

ಇನ್ನು ಅಕ್ಷರಗಳು. 1912, 1918, 1919ರ ಪೆನ್ನಿಯಲ್ಲಿ ಇಸವಿಯ ಎಡಕ್ಕೆ ಪುಟ್ಟ 'ಎಚ್' ಇದ್ದರೆ ಅದು ಬರ್ಮಿಂಗ್‌ಹ್ಯಾಮಿನ ಹೀಟನ್ ಟಂಕಸಾಲೆಯದ್ದು. 1918 ಮತ್ತು 1919ರಲ್ಲಿ 'ಕೆಎನ್' ಇದ್ದರೆ ಕಿಂಗ್ಸ್ ನಾರ್ಟನ್‌ನದ್ದು. ಸಾಮಾನ್ಯ 1919ರ ಪೆನ್ನಿ ಲೋಹದ ಬೆಲೆಯದ್ದು. ಕೆಎನ್ ಇರುವುದು ಒಳ್ಳೆಯ ಸ್ಥಿತಿಯಲ್ಲಿದ್ದರೆ ಅದರ ಹತ್ತಾರು ಪಟ್ಟು. ಹಾಗಾಗಿ ಈ ಇಸವಿಗಳ ಪೆನ್ನಿಯನ್ನು ಲೂಪಿಲ್ಲದೆ ಮಾರಲೇಬೇಡಿ.

1902ರದ್ದರಲ್ಲಿ ಇನ್ನೊಂದು ಸೊಗಸು: ಪೆನ್ನಿಯ ಹಿಂಬದಿಯಲ್ಲಿ ಕುಳಿತಿರುವ ಬ್ರಿಟಾನಿಯಾಳ (ಬ್ರಿಟನ್ನಿನ ಪ್ರತೀಕವಾದ ಹೆಂಗಸು) ಹಿಂದಿನ ಸಮುದ್ರದ ಗೆರೆ. ಸಾಮಾನ್ಯವಾಗಿ ಅದು ಅವಳ ಕಾಲುಗಳು ಅಡ್ಡಹಾಯುವ ಮಟ್ಟಕ್ಕೆ ಬರುತ್ತದೆ. ಅದಕ್ಕಿಂತ ಕೆಳಗಿದ್ದರೆ 'ಲೋ ಟೈಡ್', ಅಪರೂಪದ್ದು. 1926ರಲ್ಲೂ ಎರಡು ಬಗೆ. ಐದನೇ ಜಾರ್ಜ್‌ನ ಕತ್ತಿನ ಕಡಿತದಲ್ಲಿ ಶಿಲ್ಪಿಯ ಮೊದಲಕ್ಷರಗಳು 'ಬಿ.ಎಮ್.' ಎಂದು ಚುಕ್ಕಿಗಳೊಂದಿಗೆ ನಡುವೆ ಇದ್ದರೆ ಸಾಮಾನ್ಯ. ಚುಕ್ಕಿಯಿಲ್ಲದೆ ಬಲಕ್ಕೆ ಸರಿದಿದ್ದರೆ ತಿದ್ದಿದ ಮುಖಚಿತ್ರದ್ದು. ಇದು ಸಿಕ್ಕರೆ ಪಾರ್ಟಿ ಕೊಡಿಸಿ.

ಎರಡುಮುಖ

@ಹೊಸಕಾಸು ಆ ಡಾಲರ್ ಬಗ್ಗೆ ಹೇಳಿ: ತೂಕ ಎಷ್ಟು? ಅಯಸ್ಕಾಂತಕ್ಕೆ ಅಂಟುತ್ತಾ?

ಅದು ಬ್ರಿಟಿಷ್ ಟ್ರೇಡ್ ಡಾಲರ್, ಚೀನಾ ಕಡೆಯ ವ್ಯಾಪಾರಕ್ಕೆ 1895ರಿಂದ 1935ರವರೆಗೆ ಮಾಡಿದ್ದು. ಹೆಚ್ಚಿನವು ಟಂಕಿಸಿದ್ದು ನಮ್ಮ ಮುಂಬೈಯಲ್ಲೇ. ನಿಂತವಳು ಬ್ರಿಟಾನಿಯಾ, ಕೈಯಲ್ಲಿರೋದು ಈಟಿ ಅಲ್ಲ, ತ್ರಿಶೂಲ. ಆ ತ್ರಿಶೂಲದ ನಡುವಿನ ಮೊನೆಯಲ್ಲಿ 'ಬಿ' ಇದ್ದರೆ ಬಾಂಬೆ. 'ಸಿ' ಅಂದ್ರೆ ಕಲ್ಕತ್ತಾ, ಅದು ಕೆಳಗೆ ಎಡಗಾಲಿಗೂ ಗುರಾಣಿಯ ಬುಡಕ್ಕೂ ನಡುವೆ ಇರುತ್ತೆ. ಅಸಲಿ 26.95 ಗ್ರಾಂ, 39 ಮಿ.ಮೀ., 90% ಬೆಳ್ಳಿ. ಹಿಂಬದಿಯಲ್ಲಿ ಚೀನೀ ಮತ್ತು ಮಲಯ ಭಾಷೆಯಲ್ಲಿ ಒಂದು ಡಾಲರ್ ಅಂತ ಬರೆದಿರುತ್ತೆ. ಬೀದಿಬದಿ ಬಟ್ಟೆ ಹಾಸಿ ಮಾರೋರ ಹತ್ತಿರ ಇರೋದು ಹೆಚ್ಚುಕಡಿಮೆ ಎಲ್ಲವೂ ನಕಲಿ ಅಂತಲೇ ಹಿಡಿದು ಹೊರಡಿ.

ಹೊಸಕಾಸು

ತೂಕ 21.62 ಗ್ರಾಂ. ಅಯಸ್ಕಾಂತ ಹತ್ತಿರ ತಂದ್ರೆ ಟಕ್ ಅಂತ ಅಂಟುತ್ತೆ. ಮುಗೀತಲ್ಲ?

ಎರಡುಮುಖ

ಮುಗೀತು. ಒಳಗೆ ಕಬ್ಬಿಣ, ಮೇಲೆ ಲೇಪ. ಆದರೆ ಎಸೀಬೇಡಿ, ಅಸಲಿಯ ಪಕ್ಕ ಇಟ್ಟು ಹೋಲಿಸೋಕೆ ಬೇಕಾಗುತ್ತೆ. ಲೂಪಿನಲ್ಲಿ ನೋಡಿ: ಅಕ್ಷರಗಳ ಅಂಚು ಕರಗಿದ ಬೆಲ್ಲದ ಹಾಗೆ ದುಂಡಗಿರುತ್ತೆ, ಬಯಲು ಜಾಗದಲ್ಲಿ ಸೂಜಿಮೊನೆಯಷ್ಟು ಗುಳಿಗಳು. ಅಚ್ಚಿಗೆ ಸುರಿದು ಮಾಡಿದ್ದರ ಗುರುತು ಅದು. ಒತ್ತಿ ಟಂಕಿಸಿದ್ದರಲ್ಲಿ ಅಕ್ಷರ ಬಯಲಿನಿಂದ ನೇರವಾಗಿ ಎದ್ದು ನಿಂತಿರುತ್ತೆ. ಇಂಥ ನಕಲಿಗಳಲ್ಲಿ ಬಾಂಬೆ ಡಾಲರ್ ಟಂಕಿಸಿಯೇ ಇರದ ಇಸವಿಗಳೂ ಇರುತ್ತವೆ, ಅದೂ ಒಂದು ಸುಳಿವು. ಅಯಸ್ಕಾಂತಕ್ಕೆ ಅಂಟದ ಹಿತ್ತಾಳೆ ನಕಲಿಯೂ ಇದೆ. ಅದಕ್ಕೆ ನೀರಿನ ಪರೀಕ್ಷೆ: ಅಸಲಿ 2.61 ತೋರಿಸಬೇಕು.

ಡಬ್ಬಿಯಲ್ಲಿ ರಾಮ-ಸೀತೆ ಅಥವಾ ಹನುಮಂತ ಇರೋ 'ಈಸ್ಟ್ ಇಂಡಿಯಾ ಕಂಪನಿ 1818' ಬಿಲ್ಲೆ ಇದ್ದರೂ ಈಗಲೇ ಪಕ್ಕಕ್ಕಿಡಿ. ಕಂಪನಿ ಅಂಥ ನಾಣ್ಯ ಮಾಡಿಲ್ಲ. ಅಕ್ಕಿ ಎಳೆಯುತ್ತೆ, ಕೋಟಿ ಕೊಡ್ತಾರೆ ಅನ್ನೋ 'ರೈಸ್ ಪುಲ್ಲಿಂಗ್' ಗಿರಾಕಿಗಳ ಸರಕು ಅದು. 'ನಿಮ್ಮ ನಾಣ್ಯಕ್ಕೆ ಲಕ್ಷ ಕೊಡ್ತೀವಿ, ಮೊದಲು ನೋಂದಣಿ ಶುಲ್ಕ ಕಟ್ಟಿ' ಅನ್ನೋ ಕರೆಗಳೂ ಅದೇ ಜಾತಿ. ಆರ್‌ಬಿಐ ಹೆಸರಲ್ಲಿ ಹೀಗೆ ಕಮಿಷನ್ ಕೇಳ್ತಾರೆ ಅಂತ ಆರ್‌ಬಿಐಯೇ 2021ರ ಆಗಸ್ಟ್‌ನಲ್ಲಿ ಎಚ್ಚರಿಕೆ ಕೊಟ್ಟಿದೆ.

ಲೀಡ್ಸ್ ಕನ್ನಡಿಗ

ಹಳೇದರ ಮಾತೇ ಆಯ್ತು, ಇಲ್ಲಿ ಯುಕೆಯಲ್ಲಿರೋರಿಗೆ ಚಿಲ್ಲರೆಯಲ್ಲೇ ಸಂಗ್ರಹ ಆಗುತ್ತೆ, ಖರ್ಚಿಲ್ಲದೆ. ಬ್ಯಾಂಕಿನಲ್ಲಿ ಚೀಲ ಕೇಳಿ: 50 ಪೆನ್ಸ್ ಚೀಲದಲ್ಲಿ 20 ನಾಣ್ಯ (10 ಪೌಂಡ್), 2 ಪೌಂಡಿನ ಚೀಲದಲ್ಲಿ 10 ನಾಣ್ಯ (20 ಪೌಂಡ್). ನೋಡಿ, ಬೇಕಾದ್ದು ತೆಗೆದು, ಬೇರೆ ನಾಣ್ಯ ಸೇರಿಸಿ ಲೆಕ್ಕ ಸರಿಮಾಡಿ ವಾಪಸ್ ಕಟ್ಟಿ. ಅದೇ ಶಾಖೆಗೆ ಕಟ್ಟಿದರೆ ನೀವು ನೋಡಿಬಿಟ್ಟ ಚೀಲವೇ ಮತ್ತೆ ನಿಮ್ಮ ಕೈಗೆ ಬರುತ್ತೆ, ಅದಕ್ಕೆ ತರೋ ಶಾಖೆ ಒಂದು, ಕಟ್ಟೋ ಶಾಖೆ ಇನ್ನೊಂದು ಇರಲಿ.

ಹುಡುಕಬೇಕಾದ್ದು: 2009ರ ಕ್ಯೂ ಗಾರ್ಡನ್ಸ್ (ಲಂಡನ್ನಿನ ಸಸ್ಯೋದ್ಯಾನ) 50 ಪೆನ್ಸ್, ಟಂಕಿಸಿದ್ದು 2,10,000. ಪಗೋಡ ಚಿತ್ರ ಇರುತ್ತೆ. ಬಹುಕಾಲ ಅತಿ ಕಡಿಮೆ ಅಂತ ಇದಕ್ಕೇ ಹೆಸರು. ಈಗ 2023ರ ಮೂರನೇ ಚಾರ್ಲ್ಸ್‌ನ ಸಾಲ್ಮನ್ ಮೀನಿನ 50 ಪೆನ್ಸ್ 2,00,000ಕ್ಕೆ ಇಳಿದು ಅದನ್ನ ಹಿಂದೆ ಹಾಕಿದೆ. 2002ರ ಕಾಮನ್‌ವೆಲ್ತ್ ಗೇಮ್ಸ್ 2 ಪೌಂಡಿನಲ್ಲಿ ನಾಲ್ಕು ಬಗೆ ಇವೆ, ಉತ್ತರ ಐರ್ಲೆಂಡಿನ ಬಾವುಟ ಇರೋದು 4,85,500, ಕಡಿಮೆ ಇರೋದು ಅದೇ. 2011ರ ಒಲಿಂಪಿಕ್ ಈಜಿನ 50 ಪೆನ್ಸ್‌ನಲ್ಲಿ ನೀರಿನ ಗೆರೆಗಳು ಈಜುಗಾರನ ಮುಖದ ಮೇಲೂ ಹಾದುಹೋಗಿದ್ದರೆ ಅದು ಮೊದಲ ವಿನ್ಯಾಸ, ತೀರಾ ಅಪರೂಪ.

ಇಸವಿಯೇ ಇಲ್ಲದ 20 ಪೆನ್ಸ್ ಬಗ್ಗೆ ಎಲ್ಲರೂ ಕೇಳ್ತಾರೆ. 2008ರಲ್ಲಿ ವಿನ್ಯಾಸ ಬದಲಾದಾಗ ಇಸವಿಯನ್ನ ಹಿಂಬದಿಯಿಂದ ರಾಣಿ ಇರೋ ಬದಿಗೆ ತಂದರು. ಒಂದಷ್ಟು ನಾಣ್ಯಕ್ಕೆ ಹಳೇ ರಾಣಿ ಅಚ್ಚು, ಹೊಸ ಗುರಾಣಿ ಅಚ್ಚು (ರಾಜಲಾಂಛನದ ಗುರಾಣಿಯ ಒಂದು ತುಂಡು) ಜೋಡಿಯಾಗಿಬಿಟ್ಟವು, ಎರಡರಲ್ಲೂ ಇಸವಿ ಇಲ್ಲ. ಸವೆದು ಅಥವಾ ಉಜ್ಜಿ ಅಳಿಸಿದ್ದಲ್ಲ ಅಂತ ಖಚಿತ ಮಾಡಿಕೊಳ್ಳೋಕೆ ಹಿಂಬದಿಯಲ್ಲಿ ಗುರಾಣಿಯ ತುಂಡೇ ಇದೆಯಾ ನೋಡಿ. ಟ್ಯೂಡರ್ ಗುಲಾಬಿ ಇದ್ದರೆ ಹಳೇ ವಿನ್ಯಾಸ, ಮುಂದೆ ಹೋಗಿ.

ಕಂಚುಪ್ರಿಯ

@ಲೀಡ್ಸ್ ಕನ್ನಡಿಗ, ಕ್ಯೂ ಗಾರ್ಡನ್ಸ್ ಈಗ ನಕಲಿಗಳ ಸಂತೆಯಾಗಿದೆ, ಅದನ್ನೂ ಹೇಳಬೇಕಲ್ಲ. 1997ರ ನಂತರದ 50 ಪೆನ್ಸ್ 8.00 ಗ್ರಾಂ, 27.3 ಮಿ.ಮೀ. ಇರಬೇಕು, ಅಯಸ್ಕಾಂತಕ್ಕೆ ಅಂಟಬಾರದು. 2019ರ ಇಸವಿಯ ಕ್ಯೂ ಗಾರ್ಡನ್ಸ್ ಮರುಟಂಕನೆ, ಅದನ್ನು 2009ರ ಬೆಲೆಗೆ ಕೊಳ್ಳುವವರೂ ಇದ್ದಾರೆ! ಬಿಡಿಸಿ ಹೇಳುವುದಾದರೆ, ಲಕ್ಷಗಟ್ಟಲೆ ಟಂಕಿಸಿ ಎಲ್ಲರೂ ಎತ್ತಿಟ್ಟುಕೊಂಡ ನಾಣ್ಯವನ್ನು ನಾನು ಅಪರೂಪ ಎನ್ನಲಾರೆ.

ಲೀಡ್ಸ್ ಕನ್ನಡಿಗ

ಅಪರೂಪ ಅಲ್ಲ, ಸರಿ. ಆದರೆ ಮುಖಬೆಲೆಗೆ ಸಿಕ್ಕರೆ ನಷ್ಟ ಏನು ಸರ್? ಬಡಿಸಿದ ಎಲೆಗೆ ಬಂದದ್ದು.

ಇನ್ನೊಂದು ಗಾಳಿಸುದ್ದಿ ಇಲ್ಲೇ ಕೊಲ್ಲೋಣ: 'ನ್ಯೂ ಪೆನ್ಸ್' ಅಂತಿರೋ 2 ಪೆನ್ಸ್‌ಗೆ ಸಾವಿರಾರು ಪೌಂಡ್ ಅಂತ. 1971ರಿಂದ 1981ರವರೆಗೆ ಎಲ್ಲ 2 ಪೆನ್ಸ್ ಮೇಲೂ ಹಾಗೇ ಇತ್ತು, ಬೆಲೆ ಎರಡು ಪೆನ್ಸ್. 1982ರಿಂದ 'ಟು ಪೆನ್ಸ್' ಆಯ್ತು. 1983 ಅಂತಿದ್ದೂ 'ನ್ಯೂ ಪೆನ್ಸ್' ಇರೋದು ಮಾತ್ರ ತಪ್ಪು ಅಚ್ಚಿನದ್ದು, ಅದೂ ಸೆಟ್‌ಗಳಲ್ಲಿ ಸಿಕ್ಕಿದ್ದು. ಹರಾಜು ಜಾಲತಾಣದಲ್ಲಿ ಕೇಳಿರೋ ಬೆಲೆ ನೋಡಬೇಡಿ, ಮಾರಾಟ ಆದ ಬೆಲೆ ತೋರಿಸೋ ಫಿಲ್ಟರ್ ಒತ್ತಿ ನೋಡಿ.

ಹೊಸಕಾಸು

ಮಾಹಿತಿಗೆ ತುಂಬಾ ಧನ್ಯವಾದ. ನಾನು ಮಂಗಳೂರು. ಮಳೆಗಾಲದಲ್ಲಿ ಏನಿಟ್ಟರೂ ಬೂಸ್ಟು ಹಿಡಿಯುತ್ತೆ. ಈಗ ಎಲ್ಲ ಪ್ಲಾಸ್ಟಿಕ್ ಆಲ್ಬಮ್‌ನಲ್ಲಿವೆ, ಕೆಲವು ನಾಣ್ಯಕ್ಕೆ ಹಸಿರು ಅಂಟು ಬಂದಿದೆ. ಇನ್ನೊಂದು: ಕಾಸಿನ ಸರದಿಂದ ಬಿಚ್ಚಿದ ಸಾವರಿನ್ ಒಂದಿದೆ, ಅದನ್ನೂ ಸೇರಿಸಬಹುದಾ?

ಕಡಲತಡಿ

ಹಸಿರು ಅಂಟು ಬಂದದ್ದು ಆಲ್ಬಮ್‌ನಿಂದ ಮಾರಾಯ್ರೆ. ಮೆತ್ತಗೆ ಬಾಗುವ, ಹೊಸ ರೈನ್‌ಕೋಟಿನ ವಾಸನೆ ಬರುವ ಪ್ಲಾಸ್ಟಿಕ್ ಅಂದ್ರೆ ಪಿವಿಸಿ. ಅದನ್ನು ಮೆತ್ತಗಿಡಲು ಹಾಕಿದ ಎಣ್ಣೆಯಂಥ ವಸ್ತು ಸೆಕೆಗೆ ಹೊರಬರ್ತದೆ, ಪಿವಿಸಿಯಿಂದ ಬಿಡುವ ಆಮ್ಲ ತಾಮ್ರವನ್ನು ತಿನ್ತದೆ. ಇವತ್ತೇ ಎಲ್ಲ ನಾಣ್ಯ ಹೊರಗೆ ತೆಗೀರಿ.

ಅಂಟು ತೆಗೆಯಲು ಶುದ್ಧ ಅಸಿಟೋನ್ ಬೇಕು, ಲ್ಯಾಬ್ ಸಾಮಾನಿನ ಅಂಗಡಿಯಲ್ಲಿ ಸಿಗ್ತದೆ. ಉಗುರುಬಣ್ಣ ತೆಗೆಯುವ ದ್ರವ ಆಗುದಿಲ್ಲ, ಅದರಲ್ಲಿ ಎಣ್ಣೆ, ಸುಗಂಧ ಸೇರಿರ್ತದೆ. ಗಾಜಿನ ಬಟ್ಟಲಲ್ಲಿ ನಾಣ್ಯ ಮುಳುಗುವಷ್ಟು ಹಾಕಿ, ಮೇಲೆ ಗಾಜಿನ ಮುಚ್ಚಳ ಇಟ್ಟು 10 ನಿಮಿಷ ಬಿಡಿ. ಹೊಸ ಅಸಿಟೋನ್‌ನಲ್ಲಿ ಮತ್ತೊಮ್ಮೆ ಅದ್ದಿ ತೆಗೆದು ಗಾಳಿಗೆ ಇಡಿ. ಎರಡನೇ ಸಲ ಯಾಕೆಂದ್ರೆ ಮೊದಲ ಬಟ್ಟಲಲ್ಲಿ ಕರಗಿದ ಕೊಳೆ ಒಣಗುವಾಗ ಪುನಃ ನಾಣ್ಯದ ಮೇಲೆ ಪೊರೆಯಾಗಿ ಕೂತ್ಕೊಳ್ತದೆ. ಉಜ್ಜಬೇಡಿ. ಅಡುಗೆಮನೆಯಲ್ಲಂತೂ ಬೇಡವೇ ಬೇಡ, ಅಸಿಟೋನ್ ಆವಿಗೆ ಬೇಗ ಬೆಂಕಿ ಹತ್ತುದು. ಕಿಟಕಿ ತೆರೆದಿರಲಿ.

ಇಡಲು ಒಳಗೆ ಮೈಲಾರ್ (ಪಿವಿಸಿ ಅಲ್ಲದ ಪಾರದರ್ಶಕ ಪ್ಲಾಸ್ಟಿಕ್) ಹಾಳೆ ಇರುವ ರಟ್ಟಿನ ಹೋಲ್ಡರ್, ಎರಡಿಂಚು ಚೌಕದ್ದು. ಪೆನ್ನಿಗೆ 32.5 ಮಿ.ಮೀ. ಕಿಟಕಿಯದ್ದು ತಗೊಳ್ಳಿ. ಹಾಫ್‌ಕ್ರೌನ್ 32.3 ಇರುದರಿಂದ 32.5ರಲ್ಲಿ ಬಿಗಿಯಾಗಿ ರಟ್ಟಿನ ಅಂಚು ತಾಗ್ತದೆ, 35ರದ್ದೇ ಸರಿ. ಸ್ಟೇಪ್ಲರ್ ಪಿನ್ ಹಿಂದೆ ಉಬ್ಬಿ ನಿಂತರೆ ಪಕ್ಕದ ನಾಣ್ಯವನ್ನು ಗೀರ್ತದೆ, ಚಪ್ಪಟೆ ಪಿನ್ ಹೊಡೆಯುವ ಸ್ಟೇಪ್ಲರ್ ಇಲ್ಲದಿದ್ರೆ ಇಕ್ಕಳದಿಂದ ಒತ್ತಿ. ಹೋಲ್ಡರ್‌ಗಳನ್ನು ಬಿಗಿ ಮುಚ್ಚಳದ ಪಾಲಿಪ್ರೊಪಿಲೀನ್ ಡಬ್ಬದಲ್ಲಿ, 50 ಗ್ರಾಂ ಸಿಲಿಕಾ ಜೆಲ್ ಒಟ್ಟಿಗೆ ಇಡಿ. ಬಣ್ಣ ಬದಲಾಗುವ ಜೆಲ್ ತಗೊಂಡ್ರೆ ಯಾವಾಗ ಒಣಗಿಸಬೇಕು ಅಂತ ಗೊತ್ತಾಗ್ತದೆ. ಆಟಿ ತಿಂಗಳಲ್ಲಿ ಆಗಾಗ ನೋಡ್ತಾ ಇರಿ. ರಬ್ಬರ್ ಬ್ಯಾಂಡ್, ನ್ಯೂಸ್‌ಪೇಪರ್ ಒಳಗಿಡಬೇಡಿ. ರಬ್ಬರಿನ ಗಂಧಕದಿಂದ ಬೆಳ್ಳಿ ಕಪ್ಪಾಗ್ತದೆ.

ಅಂಟು ಅಲ್ಲದೆ ತಿಳಿಹಸಿರು ಪುಡಿ ಏಳ್ತಾ ಇದ್ರೆ ಅದು ಕಂಚಿನ ಕಾಯಿಲೆ. ಆ ನಾಣ್ಯವನ್ನು ಬೇರೆ ಇಡಿ, ಹಲ್ಲುಕಡ್ಡಿಯಿಂದ ಪುಡಿ ಕೆದಕಿ, ಡಿಸ್ಟಿಲ್ಡ್ ನೀರಲ್ಲಿ ನೆನೆಸಿ, ದಿನಾ ನೀರು ಬದಲಿಸಿ, ಆಮೇಲೆ ಪೂರ್ತಿ ಒಣಗಿಸಿ. ಒಣ ಜಾಗದಲ್ಲಿ ಇಡದಿದ್ರೆ ಪುನಃ ಬರ್ತದೆ.

ತಕ್ಕಡಿ

ಸಾವರಿನ್: 22 ಕ್ಯಾರಟ್, 7.99 ಗ್ರಾಂ, 22.05 ಮಿ.ಮೀ., ಅದರಲ್ಲಿ ಅಪ್ಪಟ ಚಿನ್ನ 7.32 ಗ್ರಾಂ. ನೀರಲ್ಲಿ 0.45 ತೋರಿಸಬೇಕು. ಕಾಸಿನ ಸರದ್ದಾದರೆ 12 ಗಂಟೆಯ ಜಾಗದಲ್ಲಿ ಅಂಚಿನ ಹಲ್ಲುಗಳನ್ನ ನೋಡಿ. ಕೊಂಡಿ ಬೆಸೆದು ಕಿತ್ತ ಕಲೆ ಇದ್ದರೆ ಸಂಗ್ರಹದ ಬೆಲೆ ಹೋಗಿ ಬರೀ ಚಿನ್ನದ ಬೆಲೆ ಉಳಿಯುತ್ತೆ. ಬೆಸುಗೆ ಉಳಿದಿದ್ರೆ ತೂಕ 8 ಗ್ರಾಂ ದಾಟಲೂಬಹುದು, ಅದನ್ನ ನೋಡಿ ಖುಷಿಪಡಬೇಡಿ.

ಇಸವಿ 1918 ಇದ್ದರೆ ಕುದುರೆಯ ಕೆಳಗಿನ ನೆಲದ ಗೆರೆಯ ನಡುವೆ, ಇಸವಿಗೆ ಸರಿಯಾಗಿ ಮೇಲೆ, 'ಐ' ಇದೆಯಾ ಅಂತ ಲೂಪಿನಲ್ಲಿ ಹುಡುಕಿ. ಅದು ಬಾಂಬೆ ಟಂಕಸಾಲೆಯದ್ದು, ಆ ಒಂದೇ ವರ್ಷ 12,95,372 ಮಾಡಿದರು. ಅದೇ ವರ್ಷ ಅದೇ ತೂಕ, ಅದೇ ಶುದ್ಧತೆಯಲ್ಲಿ 15 ರೂಪಾಯಿಯ ಚಿನ್ನದ ನಾಣ್ಯವನ್ನೂ ಮಾಡಿದ್ರು. ಅದೇ ಜಾಗದಲ್ಲಿ 'ಎಸ್' ಇದ್ದರೆ ಸಿಡ್ನಿ, 'ಎಮ್' ಮೆಲ್ಬರ್ನ್, 'ಪಿ' ಪರ್ತ್, 'ಸಿ' ಒಟ್ಟಾವ, 'ಎಸ್‌ಎ' ಪ್ರಿಟೋರಿಯಾ. ಆ ಕಾಲದ್ದರಲ್ಲಿ ಏನೂ ಇಲ್ಲದಿದ್ರೆ ಲಂಡನ್. 2013ರಿಂದ ಎಂಎಂಟಿಸಿ-ಪ್ಯಾಂಪ್ ಅನ್ನೋ ಚಿನ್ನ ಶುದ್ಧೀಕರಣದ ಕಂಪನಿ ನಮ್ಮ ದೇಶದಲ್ಲಿ ಮತ್ತೆ 'ಐ' ಹಾಕಿ ಸಾವರಿನ್ ಟಂಕಿಸ್ತು, ಗೊಂದಲ ಬೇಡ.

ಒಂದು ಎಚ್ಚರಿಕೆ. ಬೈರೂತ್ ಕಡೆ ಮಾಡಿದ ಹಳೇ ನಕಲಿ ಸಾವರಿನ್‌ಗಳಲ್ಲಿ ಚಿನ್ನವೂ ಸರಿ, ತೂಕವೂ ಸರಿ ಇರೋವು ಬಹಳ. ಅಂಥವಕ್ಕೆ ತಕ್ಕಡಿ ಕೆಲಸಕ್ಕೆ ಬರಲ್ಲ, ಅಚ್ಚಿನ ಸೂಕ್ಷ್ಮವೇ ನೋಡಬೇಕು. ಅಪರೂಪದ ಇಸವಿ ಅಂತ ಹೆಚ್ಚು ದುಡ್ಡು ಕೊಡೋ ಮೊದಲು ಗ್ರೇಡಿಂಗ್ ಆದದ್ದನ್ನೇ, ಅಂದ್ರೆ ಪರಿಣತ ಸಂಸ್ಥೆ ಪರೀಕ್ಷಿಸಿ ದರ್ಜೆ ಕೊಟ್ಟದ್ದನ್ನೇ ಕೊಳ್ಳಿ.

ಎರಡುಮುಖ

ಗ್ರೇಡಿಂಗ್ ಅಂದ ಕೂಡಲೇ ಯಾರೂ ಹಳೇ ನಾಣ್ಯವನ್ನ ಅಂಚೆಯಲ್ಲಿ ಇಂಗ್ಲೆಂಡಿಗೆ ಕಳಿಸಬೇಡಿ. 1972ರ ಪುರಾತನ ವಸ್ತು ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪುರಾತನ ವಸ್ತು, ಖಾಸಗಿಯವರು ದೇಶದಿಂದ ಹೊರಗೆ ಕಳಿಸೋ ಹಾಗಿಲ್ಲ. ನಾಣ್ಯದ ಮೇಲೆ ಯಾವ ರಾಜನ ತಲೆ ಇದೆ ಅನ್ನೋದು ಅಲ್ಲಿ ಲೆಕ್ಕಕ್ಕೆ ಬರಲ್ಲ.

ನಿಮ್ಮ ಕೊನೇ ಪ್ರಶ್ನೆಗೆ ನನ್ನ ಸಲಹೆ ಕಂಚುಪ್ರಿಯರದ್ದಕ್ಕಿಂತ ಬೇರೆ. ಭಾರತದಲ್ಲಿ ಕೂತು ಸಂಗ್ರಹಿಸೋರಿಗೆ 'ಇಂಡ್ ಇಂಪ್' (IND IMP) ಸರಣಿ ಚೆನ್ನಾಗಿ ಒಪ್ಪುತ್ತೆ. ಭಾರತದ ಚಕ್ರವರ್ತಿ ಅನ್ನೋ ಬಿರುದಿನ ಆ ಲ್ಯಾಟಿನ್ ಅಕ್ಷರಗಳು ಬ್ರಿಟನ್ನಿನ ಬೆಳ್ಳಿ ನಾಣ್ಯದಲ್ಲಿ 1893ರಲ್ಲಿ ಬಂದವು, ಕಂಚಿನಲ್ಲಿ 1895ರಲ್ಲಿ. ನಮಗೆ ಸ್ವಾತಂತ್ರ್ಯ ಬಂದ ಮೇಲೂ 1948ರ ನಾಣ್ಯದವರೆಗೆ ಇದ್ದವು, 1949ರಲ್ಲಿ ತೆಗೆದರು. ವಿಕ್ಟೋರಿಯಾ, ಏಳನೇ ಎಡ್ವರ್ಡ್, ಐದನೇ ಮತ್ತು ಆರನೇ ಜಾರ್ಜ್, ನಾಲ್ವರದ್ದೂ ಒಂದೊಂದು ಪೆನ್ನಿ, ಶಿಲ್ಲಿಂಗ್, ಹಾಫ್‌ಕ್ರೌನ್ ಸೇರಿಸಿ, ಜೊತೆಗೆ 1948 ಮತ್ತು 1949ರ ಹಾಫ್‌ಕ್ರೌನ್ ಅಕ್ಕಪಕ್ಕ. ದುಬಾರಿ ಇಸವಿ ಬೇಕಿಲ್ಲ, 'ವೆರಿ ಫೈನ್' ದರ್ಜೆ (ಸ್ವಲ್ಪ ಸವೆದಿದ್ದರೂ ವಿವರ ಚೆನ್ನಾಗಿ ಕಾಣೋದು) ಸಾಕು.

ಹೊಸಕಾಸು

1948 ಮತ್ತು 1949 ಎರಡೂ ಡಬ್ಬಿಯಲ್ಲೇ ಇವೆ! 1948ರದ್ದರಲ್ಲಿ ರಾಜನ ಸುತ್ತ ಎಲ್ಲಿ ನೋಡ್ಲಿ? ಹಿಂಬದಿಯಲ್ಲೂ ಏನೂ ಕಾಣ್ತಿಲ್ಲ.

ಕಂಚುಪ್ರಿಯ

ಆರನೇ ಜಾರ್ಜ್‌ನ ಹಾಫ್‌ಕ್ರೌನ್‌ನಲ್ಲಿ ಹಿಂಬದಿ ನೋಡಿದ್ದು ಸರಿ. 'ಇಂಡ್ ಇಂಪ್' ಅಲ್ಲೇ ಇರುತ್ತದೆ, ಗುರಾಣಿಯ ಸುತ್ತಲಿನ ಬರಹದಲ್ಲಿ, 'ಫಿಡ್ ಡೆಫ್' ಎಂಬುದರ ಜೊತೆಗೆ. ಸವೆದಿದ್ದರೆ ದೀಪವನ್ನು ಒಂದು ಬದಿಯಿಂದ ತಗ್ಗಾಗಿ ಹಿಡಿದು ನಾಣ್ಯವನ್ನು ನಿಧಾನ ತಿರುಗಿಸಿ, ಅಕ್ಷರದ ನೆರಳು ಏಳುತ್ತದೆ. ಪೆನ್ನಿಯಲ್ಲಾದರೆ ರಾಜನ ಮುಖದ ಬದಿಯಲ್ಲೇ ಹುಡುಕಿ. ಎರಡೂ ಬದಿಯ ಫೋಟೊ ಹಾಕಿ, ಫ್ಲ್ಯಾಶ್ ಬಳಸಬೇಡಿ.